ಸಾಲಿನ ಕಣ್ಣು

ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿ ಒಬ್ಬ ಚೀನೀ ಹೆಂಗಸು ಒಂಟಿಯಾಗಿದ್ದಾರೆ. ಎಪ್ಪತ್ತು ದಾಟಿದವರು. ಗಂಡ ತೀರಿಕೊಂಡ ಮರುವರ್ಷ, ಒಂದು ಶನಿವಾರ ಬೆಳಿಗ್ಗೆ, ನೀಲಿ ರಟ್ಟಿನ ನೋಟ್‌ಬುಕ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ಔಷಧ ಕಂಪನಿಯೊಂದರಲ್ಲಿ ವರದಿಗಳ ಇಂಗ್ಲಿಷ್ ತಿದ್ದುವವಳೆಂದು ಅವರಿಗೆ ಗೊತ್ತಿತ್ತು.

"ಇವು ಅವರು ಬರೆದಿಟ್ಟ ಪದ್ಯಗಳು. ಮೊಮ್ಮಗಳಿಗೆ ಚೀನೀ ಓದೋಕೆ ಬರಲ್ಲ. ನಾನು ಅರ್ಥ ಹೇಳ್ತೀನಿ, ನೀನು ಇಂಗ್ಲಿಷ್ ಮಾಡಿಕೊಡ್ತೀಯಾ?"

ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಅದು ಕನ್ನಡವಾಗಿ ಕೂತಿದೆ.

ಅವರ ಗಂಡ ಊರಲ್ಲಿದ್ದಾಗ ಕಾಲೇಜಿನಲ್ಲಿ ಹಳೆಯ ಕಾವ್ಯ ಪಾಠ ಮಾಡುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಸೀಕಾಕಸ್‌ನ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಹಚ್ಚಿ ನಿವೃತ್ತರಾದರು. ಪದ್ಯಗಳು ಮಾತ್ರ ಹಳೆಯ ಅಚ್ಚಿನಲ್ಲೇ ಇದ್ದವು: ಸಾಲಿಗೆ ಐದೇ ಪದ, ನಾನು ನೀನು ಎಂಬುದಿಲ್ಲ, ನಿನ್ನೆ ನಾಳೆ ಎಂಬುದೂ ಇಲ್ಲ. ವಿಲೋ ಮರ ಬಂದರೆ ಯಾರೋ ಹೊರಟು ನಿಂತಿದ್ದಾರೆ ಎಂದು ತಿಳಿಯಬೇಕು. ಆ ಮರದ ಹೆಸರೂ 'ಉಳಿದುಕೋ' ಎನ್ನುವ ಮಾತೂ ಚೀನಿಯಲ್ಲಿ ಹೆಚ್ಚುಕಡಿಮೆ ಒಂದೇ ಸದ್ದು. ಇಂಥದ್ದನ್ನೆಲ್ಲ ಅವರು ಪ್ರತಿ ಶನಿವಾರ ತಮ್ಮ ಅಡುಗೆಮನೆಯ ಮೇಜಿನ ಮೇಲೆ, ಚಹಾ ಆರುವಷ್ಟು ಹೊತ್ತು, ನನಗೆ ಬಿಡಿಸಿ ಹೇಳುತ್ತಿದ್ದರು. ಗಂಡ ರೈಲಿನಿಂದ ದಿನಾ ನೋಡುತ್ತಿದ್ದ ಸೀಕಾಕಸ್‌ನ ಜೌಗಿನ ಜೊಂಡೂ ಪದ್ಯದೊಳಗೆ ಬಂದಿತ್ತು. ಒಂದು ಕಡೆ ಆ ಜೊಂಡು ರೈಲನ್ನು 'ಬಿಳಿ'ಸುತ್ತಿತ್ತು.

"ಬಣ್ಣ ಹೇಗೆ ಕೆಲಸ ಮಾಡುತ್ತೆ?" ಎಂದೆ.

"ಮೂರನೇ ಪದಾನ ಸಾಲಿನ ಕಣ್ಣು ಅಂತೀವಿ. ಅಲ್ಲಿ ಕೂತರೆ ಬಣ್ಣಾನೂ ಕೆಲಸ ಮಾಡಬೇಕು."

ಹೆಸರು ಎಂಬುದರಿಂದ ನಾವು ಹೆಸರಿಸು ಎಂಬ ಕ್ರಿಯಾಪದ ಮಾಡಿಕೊಂಡಿಲ್ಲವೇ ಎಂದುಕೊಂಡೆ. ಕೆಲಸ ಹಗುರವಾಗಿ ಸಾಗಿತು.

ಫೆಬ್ರವರಿಯಲ್ಲಿ ಒಂದು ದಿನ ಅವರು ಪುಟ ತಿರುಗಿಸಿ, ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಒಂದೊಂದೇ ಪದದ ಮೇಲೆ ಬೆರಳಿಟ್ಟರು. "ಪುಟ್ಟ. ಬೂಟು. ಕೆಂಪು. ಖಾಲಿ. ಹೊಸ್ತಿಲು."

ಪುಟ್ಟ ಬೂಟುಗಳು ಖಾಲಿ ಹೊಸ್ತಿಲನ್ನು ಕೆಂಪಿಸುತ್ತಿವೆ. ನಾನು ಬರೆದುಕೊಳ್ಳುತ್ತಿದ್ದಂತೆ ಅವರು ಪೆನ್ನಿನ ಮೇಲೆ ಕೈಯಿಟ್ಟರು.

"ನಮಗೆ ಒಬ್ಬ ಮಗಳಿದ್ದಳು. ಐದು ವರ್ಷಕ್ಕೆ ಜ್ವರ ಬಂದು ಹೋದಳು. ಆ ವಾರವೇ ಇವರು ಅವಳ ಬೂಟು, ಕೋಟು ಎಲ್ಲ ಚೀಲಕ್ಕೆ ತುಂಬಿ ದಾನದ ಡಬ್ಬಿಗೆ ಹಾಕಿ ಬಂದರು. ನನ್ನನ್ನ ಕೇಳಲಿಲ್ಲ. ಆಮೇಲೆ ಅವಳ ಮಾತೇ ಎತ್ತಲಿಲ್ಲ. ಮರೆತುಬಿಟ್ಟರು ಅಂತ ನಾನು ಮೂವತ್ತು ವರ್ಷ ಒಳಗೇ ಬೈಕೊಂಡೆ."

ಪುಟದ ಕೆಳಗೆ ಸಣ್ಣದಾಗಿ ತಾರೀಖಿನಂತೆ ಏನೋ ಬರೆದಿತ್ತು. ಯಾವಾಗಿನದು ಎಂದು ಕೇಳಿದೆ.

"ಖಾಲಿ ಸಿಕ್ಕ ಪುಟದಲ್ಲಿ ಬರೀತಿದ್ದರು, ಇದು ಹೋದ ವರ್ಷದ್ದು. ಆಸ್ಪತ್ರೆಗೆ ಸೇರೋ ಹಿಂದಿನ ವಾರ."

ಇಬ್ಬರೂ ಮುಂಬಾಗಿಲಿನ ಕಡೆ ನೋಡಿದೆವು. ಅಲ್ಲಿ ಒರೆಸಿದ ನೆಲ, ಒಂದು ಮ್ಯಾಟ್, ನನ್ನ ಸ್ನೋ ಬೂಟು. ನನ್ನವು ಕಪ್ಪು. ಆ ಮಗು ಈ ಮನೆಯನ್ನು ಕಂಡೇ ಇರಲಿಲ್ಲ. ಇವರು ಈ ಮನೆಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಹಾಗಾದರೆ ಆ ಬೂಟುಗಳು ಇವರ ಹಿಂದೆಯೇ ಮನೆಯಿಂದ ಮನೆಗೆ ಬಂದಿದ್ದವು.

"ಇಂಗ್ಲಿಷಿನಲ್ಲಿ ನೋಡುವವರು ಯಾರು ಅಂತ ಹೇಳಲೇ?" ಎಂದೆ. "'ನಾನು ನೋಡಿದೆ' ಅಂತ?"

"ಬೇಡ. ಯಾರನ್ನೂ ಹಾಕಬೇಡ. ದಿನಾ ಆ ಜಾಗ ಒರೆಸಿದ್ದು ನಾನು. ನನಗೂ ಕಾಣಬಹುದಿತ್ತು."

ಅವತ್ತು ಮನೆಗೆ ಬಂದು ನಮ್ಮ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ನನ್ನ ಗಂಡ ಒಳಗಿಂದ, "ಡೋರ್ ಹಾಕೇ, ಹೀಟ್ ಎಲ್ಲಾ ಹೊರಗೆ ಹೋಗ್ತಿದೆ. ಏನ್ ಹುಡುಕ್ತಿದೀಯ ಅಲ್ಲಿ?" ಎಂದರು. ಏನಿಲ್ಲ ಎಂದೆ.

ಮಾರ್ಚಿನಲ್ಲಿ ಮೊಮ್ಮಗಳು ಕಾಲೇಜಿನ ರಜೆಗೆ ಬಂದಳು. ಅದುವರೆಗೆ ಮುಗಿದ ಹಾಳೆಗಳನ್ನು ಅವಳಿಗೆ ಕೊಡುವಾಗ ನನ್ನನ್ನೂ ಕರೆದಿದ್ದರು. ಅವಳು ಓದುತ್ತ ಓದುತ್ತ ಅಲ್ಲಿಗೆ ಬಂದು ತಲೆಯೆತ್ತಿದಳು.

"ಇದು ಯಾರ ಬೂಟು, ಅಜ್ಜಿ?"

ಅವಳಿಗೆ ಹಾಗೊಬ್ಬ ಸೋದರತ್ತೆ ಇದ್ದದ್ದು ಯಾರೂ ಹೇಳಿರಲಿಲ್ಲ. ಅಜ್ಜಿ ಮೇಜಿನ ಅಂಚನ್ನು ಹಿಡಿದುಕೊಂಡು ಮಗುವಿನ ಹೆಸರು ಹೇಳಿದರು. ಹುಡುಗಿಗೆ ಉಚ್ಚರಿಸಲು ಬರಲಿಲ್ಲ. ಇನ್ನೊಮ್ಮೆ ಹೇಳಿ ಎಂದಳು. ಅವರು ಇನ್ನೊಮ್ಮೆ ಹೇಳಿದರು, ಸ್ವಲ್ಪ ಗಟ್ಟಿಯಾಗಿ, ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವವರ ಹಾಗೆ. ನಾನು ಎದ್ದು ಹಿಂದಿನ ಬಾಗಿಲಿನಿಂದ ಹೊರಬಂದೆ.

ಶನಿವಾರಗಳು ಈಗಲೂ ನಡೆದಿವೆ. ಅರ್ಧ ನೋಟ್‌ಬುಕ್ ಆಗಿದೆ. ಕೆಲವು ಪುಟ ಬಂದಾಗ ಅವರು ಒಬ್ಬರೇ ಓದಿಕೊಂಡು, ಕ್ಲಿಪ್ ಹಾಕಿ, ಮುಂದಿನದಕ್ಕೆ ಹೋಗುತ್ತಾರೆ. ಅಲ್ಲಿ ಏನಿದೆ ಎಂದು ನಾನು ಕೇಳಿಲ್ಲ.