ಸಾಕು ಸಾಮಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಕೆಂದ ಕರು ಇತ್ತು. ಅದು ನಮ್ಮೊಡನೆ ಇದ್ದ ಕೊನೆಯ ದಿನವೂ ಎಲ್ಲ ದಿನಗಳ ಹಾಗೆಯೇ ಕಳೆಯಿತು. ಓಡೈಪಟ್ಟಿಯ ನಮ್ಮ ತೋಟದಲ್ಲಿ ಅಪ್ಪ ದ್ರಾಕ್ಷಿ ಚಪ್ಪರದ ಕುಡಿ ಸವರುತ್ತಿದ್ದರು. ಉದುರಿದ ಎಲೆಗಳನ್ನು ನಾನು ಅಂಗಿಯ ಮಡಿಲಲ್ಲಿ ತುಂಬಿಕೊಂಡು ಹೋಗಿ ಕರುವಿನ ಮುಂದೆ ಸುರಿಯುತ್ತಿದ್ದೆ. ಅದರ ನಾಲಗೆ ಮರಳಿನಷ್ಟು ಒರಟು. ಎಲೆ ಮುಗಿದ ಮೇಲೂ ನನ್ನ ಅಂಗೈಯನ್ನು ನೆಕ್ಕುತ್ತಲೇ ಇತ್ತು. ಚಪ್ಪರದ ಸಂದಿನಿಂದ ಬಿಸಿಲು ಅದರ ಬೆನ್ನ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತಿತ್ತು.

ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಧ್ಯಾಹ್ನ ನಾನು ಆ ಕರುವಿನ ಹೊಟ್ಟೆಗೆ ತಲೆಯಿಟ್ಟು ಮಲಗುತ್ತಿದ್ದೆ. ಒಳಗಿನಿಂದ ಗುಳುಗುಳು ಸದ್ದು ಕೇಳಿಸುತ್ತಿತ್ತು. ಅಮ್ಮನ ಹೊಟ್ಟೆಗೆ ಕಿವಿಯಿಟ್ಟಾಗಲೂ ಹಾಗೆಯೇ ಕೇಳಿಸುತ್ತಿತ್ತು.

ನಮ್ಮದು ಕನ್ನಡದ ಮನೆ. ಊರಿನವರೊಡನೆ ತಮಿಳು, ಮನೆಯೊಳಗೂ ದೇವರ ಮುಂದೆಯೂ ಕನ್ನಡ. ನಮ್ಮವರಲ್ಲಿ ಪೊಂಗಲ್ ಹಬ್ಬದ ದಿನ ಹುಟ್ಟಿದ ಕರು ಮನೆಯದಲ್ಲ, ದೇವರದು. ಹಾಲು ಬಿಟ್ಟು ಮೇಯಲು ಕಲಿಯುವ ತನಕ ತಾಯಿಯ ಬಳಿ ಇರುತ್ತದೆ. ಆಮೇಲೆ ಕಂಬಂ ಕಡೆಯ ದೇವರ ದೊಡ್ಡಿಗೆ ಅದನ್ನು ಒಪ್ಪಿಸಬೇಕು. ಆ ದೊಡ್ಡಿಯ ದನಗಳನ್ನು ಯಾರೂ ಹೂಡುವಂತಿಲ್ಲ, ಹಾಲು ಕರೆಯುವಂತಿಲ್ಲ, ಮಾರುವಂತಿಲ್ಲ.

ನಮ್ಮ ಕರು ಹುಟ್ಟಿದ್ದು ಪೊಂಗಲ್ ಬೆಳಿಗ್ಗೆ. ಅಕ್ಕ ಅವತ್ತೇ ನನ್ನನ್ನು ಎಚ್ಚರಿಸಿದ್ದಳು. “ತಮ್ಮಾ, ಅದ್ಕೆ ಪೇರು ಇಡಬ್ಯಾಡ. ಸಾಮಿದು ಅದು,” ಎಂದಿದ್ದಳು. ನಾನು ಗುಟ್ಟಾಗಿ ಒಂದು ಹೆಸರಿಟ್ಟಿದ್ದೆ. ಅದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ತಿಂಗಳುಗಳು ಕಳೆದಂತೆ, ಅದನ್ನು ಒಪ್ಪಿಸಬೇಕೆಂಬುದನ್ನು ಅಪ್ಪ ಮರೆತಿರಬೇಕು ಎಂದು ನಂಬಿಕೊಂಡೆ.

ಆ ಸಂಜೆ ಅಪ್ಪ ಹೊಸ ಹಗ್ಗಕ್ಕೆ ಅರಿಶಿನ ಹಚ್ಚುತ್ತಾ ಕುಳಿತಿದ್ದರು. ನೋಡಿದ ಕೂಡಲೇ ನನಗೆ ತಿಳಿಯಿತು.

“ಅಪ್ಪಾ, ಸಾಮಿಗೆ ಅಷ್ಟೊಂದು ಆವು, ಕರು ಇದ್ದಾವೆ. ನಂಗೆ ಇದೊಂದೇ,” ಎಂದೆ.

ಅಪ್ಪ ತಲೆ ಎತ್ತಲಿಲ್ಲ. ಹಗ್ಗಕ್ಕೆ ಮತ್ತೊಮ್ಮೆ ಅರಿಶಿನ ಹಚ್ಚಿ, ನಾಳೆ ಬೇಗ ಏಳಬೇಕು ಎಂದಷ್ಟೇ ಹೇಳಿದರು.

ಮರುದಿನ ಗಾಡಿಯಲ್ಲಿ ಹೊರಟೆವು. ಕರುವಿನ ಕೊರಳಲ್ಲಿ ಹಳದಿ ಹಗ್ಗ, ಅದರ ತುದಿ ನನ್ನ ಕೈಯಲ್ಲಿ. ದಾರಿಯುದ್ದಕ್ಕೂ ಒಂದು ಕಡೆ ಗದ್ದೆಯ ಹಸಿರು, ಇನ್ನೊಂದು ಕಡೆ ಬೆಟ್ಟದ ನೀಲಿ. ಅಕ್ಕ ಕಟ್ಟಿ ತಂದಿದ್ದ ರಾಗಿ ಕಳಿಯನ್ನು ನಾನು ಮುಟ್ಟಲಿಲ್ಲ.

ದೇವರ ದೊಡ್ಡಿಯಲ್ಲಿ ಗುಡಿಯೂ ಇರಲಿಲ್ಲ, ವಿಗ್ರಹವೂ ಇರಲಿಲ್ಲ. ಸಗಣಿ ಒಣಗಿದ ಅಗಲವಾದ ಅಂಗಳ, ಧೂಳು, ಅದರ ನಡುವೆ ನಿಂತ ದನಗಳು. ದನಗಳ ಉಸಿರಿನಿಂದ ಗಾಳಿಯೇ ಬೆಚ್ಚಗಿತ್ತು. ಬಂದವರು ಆ ದನಗಳಿಗೇ ಕೈ ಮುಗಿಯುತ್ತಿದ್ದರು. ದೊಡ್ಡಿಯನ್ನು ನೋಡಿಕೊಳ್ಳುವ ತಾತ ಹತ್ತಿರ ಬಂದು, ಹಗ್ಗವನ್ನು ಬಿಡದ ನನ್ನನ್ನು ನೋಡಿದ. ಅಪ್ಪನ ಕಡೆ ತಿರುಗಿ ಹಗ್ಗ ತೋರಿಸಿ, “ಈ ಕಯಿರು ಕರುನ ಕೊರಳಾಗ ಇದ್ದಾ, ಈ ಪಯ್ಯನ ಕೊರಳಾಗ ಇದ್ದಾ? ಮೊದ್ಲು ಅದ ಹೇಳು,” ಎಂದ. ಸುತ್ತಲಿದ್ದವರು ನಕ್ಕರು. ಅಪ್ಪನೂ ಸ್ವಲ್ಪ ನಕ್ಕರು. ಅಮ್ಮ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು.

ದೇವರ ದನಕ್ಕೆ ಹಗ್ಗವಿಲ್ಲ. ತಾತ ಅದನ್ನು ಬಿಚ್ಚಿ ನನ್ನ ಕೈಗೇ ಕೊಟ್ಟ. ಕರು ಒಂದು ಗಳಿಗೆ ನಿಂತಿತು. ಆಮೇಲೆ ಮೂಗೆತ್ತಿ ವಾಸನೆ ಹಿಡಿದು ದನಗಳ ನಡುವೆ ಹೋಯಿತು. ತಿರುಗಿ ನೋಡಲಿಲ್ಲ. ಕೆಂಪು ಬೆನ್ನುಗಳ ಹಿಂಡಿನಲ್ಲಿ ನಮ್ಮದು ಯಾವುದೆಂದು ಸ್ವಲ್ಪ ಹೊತ್ತಿಗೆ ನನಗೇ ತಿಳಿಯದಾಯಿತು.

ಆಗ ಅಕ್ಕ ಕೈ ಮುಗಿದು ಮೆಲ್ಲಗೆ, “ಸಾಕು ಸಾಮಿ,” ಎಂದಳು.

ಅಮ್ಮನನ್ನು ತೆಗೆದುಕೊಂಡೆ, ಕರುವನ್ನೂ ತೆಗೆದುಕೊಂಡೆ, ಇನ್ನು ಸಾಕು ಎಂದು ಅಕ್ಕ ದೇವರೊಡನೆ ಜಗಳ ಮಾಡುತ್ತಿದ್ದಾಳೆ ಎಂದುಕೊಂಡೆ. ನನಗೆ ಸಮಾಧಾನವೇ ಆಯಿತು. ಹಿಂದಿರುಗುವಾಗ ಗಾಡಿಯಲ್ಲಿ, ಇನ್ನಷ್ಟು ಬೈಯಬೇಕಿತ್ತು ಎಂದೆ.

ಅಕ್ಕ ನನ್ನ ಮುಖ ನೋಡಿದಳು. “ಬೈಲಿಲ್ಲೋ ಪೈತ್ಯ. ಸಾಕು ಅಂತ ಒಪ್ಪಿಸ್ದೆ. ಕರೂನೂ, ನಿನ್ನೂ, ನನ್ನೂ.”

“ನಮ್ಗೇನು ಸಿಕ್ತು?” ಎಂದೆ.

“ಅವ್ನು ಸಾಕಿದ್ರೆ ಸಾಕು, ತಮ್ಮಾ.”

ಅವಳಿಗೂ ಆಗ ಹೆಚ್ಚು ವಯಸ್ಸಾಗಿರಲಿಲ್ಲ. ಹೇಳಿ ಮುಖವನ್ನು ಬೆಟ್ಟದ ಕಡೆ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮಾತು ನನಗೆ ಅರ್ಥವಾಗಲಿಲ್ಲ. ಹಳದಿ ಹಗ್ಗವನ್ನು ಕೈಗೆ ಸುತ್ತಿಕೊಂಡು ಕುಳಿತಿದ್ದೆ. ಊರು ಸೇರುವಾಗ ಅಂಗೈಯೆಲ್ಲ ಹಳದಿಯಾಗಿತ್ತು.

ಮುಂದೆ ಅಕ್ಕನನ್ನು ಗೂಡಲೂರಿಗೆ ಕೊಟ್ಟರು. ನಾನು ದುಡಿದೆ. ತೋಟಕ್ಕೆ ತೋಟ ಸೇರಿತು, ಮನೆಯ ಮೇಲೆ ಮಹಡಿ ಎದ್ದಿತು. ಪ್ರತಿಯೊಂದು ಬಂದ ದಿನ ಆ ಕರುವಿನ ಹೊಟ್ಟೆಯ ಬಿಸಿ ಮತ್ತೆ ಸಿಕ್ಕಿತೆನಿಸುತ್ತಿತ್ತು. ಸ್ವಲ್ಪ ದಿನಕ್ಕೆ ಕೈಯಲ್ಲಿ ಬರೀ ಹಗ್ಗ. ಅಕ್ಕನ ಮನೆ ಚಿಕ್ಕದು. ಭಾವ ಹೋದರು, ಅವಳ ಕಣ್ಣು ಮಂಜಾಯಿತು. ಆದರೂ ಸಂಜೆ ದೀಪ ಹಚ್ಚಿ ಅವಳು ಅದೇ ಎರಡು ಮಾತು ಹೇಳುವಾಗ ಅವಳ ಮುಖದಲ್ಲಿ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಕೂತು ಕೂತು, ತಲೆ ನೆರೆತ ಮೇಲೆ, ನನಗೂ ಆ ಮಾತು ಅರ್ಥವಾಯಿತು. ಕರುವನ್ನು ನನ್ನಿಂದ ಕಿತ್ತುಕೊಂಡಿರಲಿಲ್ಲ. ಅದನ್ನೂ ನನ್ನನ್ನೂ ಒಬ್ಬನ ಕೈಗೇ ಕೊಟ್ಟಿದ್ದರು.

ಈ ವರ್ಷ ಅಕ್ಕ ತೀರಿಕೊಂಡಳು.

ನನ್ನ ಮೊಮ್ಮಕ್ಕಳು ದಿಂಡಿಗಲ್‌ನಲ್ಲಿದ್ದಾರೆ. ಅವರು ಕರುವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಾರೆ. ಬೇಕೆಂದದ್ದು ಫೋನಿನಲ್ಲಿ ಒತ್ತಿದರೆ ಬಾಗಿಲಿಗೆ ಬರುತ್ತದೆ, ಬಂದ ಮರುದಿನವೇ ಮತ್ತೊಂದು ಬೇಕಾಗುತ್ತದೆ. ನಾನೂ ಹಾಗೆಯೇ ಇದ್ದವನು, ಅವರನ್ನು ಏನೆನ್ನಲಿ? ಮನೆಮಾತು ಅವರಿಗೆ ಕೇಳಿದರೆ ತಿಳಿಯುತ್ತದೆ, ಆಡಲು ಬಾರದು. ಸಾಕು ಅಂದರೆ ಏನು ಎಂದು ಮೊಮ್ಮಗಳು ತಮಿಳಿನಲ್ಲಿ ಕೇಳಿದಳು. ತಮಿಳಿನಲ್ಲಿ ಅದಕ್ಕೆ ಎರಡು ಬೇರೆ ಬೇರೆ ಮಾತುಗಳನ್ನು ಹೇಳಬೇಕಾಯಿತು, ಇಷ್ಟಾದರೆ ಆಯಿತು ಎನ್ನುವುದಕ್ಕೊಂದು, ಸಲಹು ಎನ್ನುವುದಕ್ಕೊಂದು. ಹೇಳಿದೆ. ಅಕ್ಕನ ಮಾತು ಅಲ್ಲಿ ಎರಡು ತುಂಡಾಯಿತು. ಸರಿ ತಾತಾ ಎಂದು ಅವಳು ಆಡಲು ಹೋದಳು.

ಈಗ ಸಂಜೆ ನಾನೇ ದೀಪ ಹಚ್ಚುತ್ತೇನೆ. ಸಾಕು ಸಾಮಿ ಎನ್ನುತ್ತೇನೆ. ಹಾಗೆಂದಾಗ ಮನಸ್ಸು ನಿಜವಾಗಿಯೂ ತುಂಬುತ್ತದೆ, ಬೇರೇನೂ ಬೇಕೆನಿಸುವುದಿಲ್ಲ.

ನನ್ನನ್ನು ತಮ್ಮಾ ಎಂದು ಕರೆಯುವವರು ಮಾತ್ರ ಯಾರೂ ಉಳಿದಿಲ್ಲ.