ಎತ್ತಿದ ಕೈ ಹಿಡಿದವರು ಯಾರು?

ಇಂಥ ಪವಾಡದ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ಔರಾದಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು ನಾನು. ನಮ್ಮವ್ವ ಮಾತ್ರ ಬೆಳಿಗ್ಗೆ ಸತ್ಯವೇದ, ಅಂದರೆ ಬೈಬಲ್, ಓದದೆ ಚಹಾ ಮುಟ್ಟಿದವಳಲ್ಲ. ಅದರಲ್ಲೂ ಯುದ್ಧದ ಕಥೆಗಳೆಂದರೆ ಅವಳಿಗೆ ಪ್ರಾಣ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಭಾಲ್ಕಿಯಲ್ಲಿ ಬಟ್ಟೆ ಹೊಲಿದು ನನ್ನನ್ನೂ ತಮ್ಮನನ್ನೂ ಓದಿಸಿದವಳು. “ದೇವರು ಮಾತ ಕೊಟ್ಟಾನ, ತಪ್ಪಂಗಿಲ್ಲ. ಸೋತ ದಿನಾನೂ ದಂಡಿನ ಸಂಗಡನೇ ಇರ್ತಾನ” ಎನ್ನುವಳು. ನಾನು ವಾದ ಮಾಡುತ್ತಿರಲಿಲ್ಲ. ನಂಬುತ್ತಲೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮ ಸುನೀಲನಿಗೆ ಡೆಂಗ್ಯೂ ಬಂತು. ಭಾಲ್ಕಿಯಿಂದ ಬೀದರಿನ ದೊಡ್ಡ ಆಸ್ಪತ್ರೆಗೆ ತಂದೆವು. ಮರುದಿನ ಸಂಜೆ ಐಸಿಯುನಲ್ಲಿ ಅವನ ಬಿಪಿ ಇಳಿಯತೊಡಗಿತು. “ಕೊಡೋದೆಲ್ಲಾ ಕೊಟ್ಟೀವ್ರಿ. ಇನ್ನ ಕಾದು ನೋಡಬೇಕ್ರಿ” ಎಂದು ಡಾಕ್ಟರು ಪಕ್ಕದ ಮಂಚದ ಕಡೆ ಹೋದರು.

ಅವ್ವ ಸುನೀಲನ ಕಾಲ ಬಳಿ ನಿಂತು ಎರಡೂ ಕೈ ಮೇಲೆತ್ತಿದಳು. ಅವಳ ಮನಸ್ಸಿನಲ್ಲಿ ಯಾವ ಕಥೆಯಿದೆಯೆಂದು ನನಗೆ ಗೊತ್ತಿತ್ತು. ಸತ್ಯವೇದದಲ್ಲಿ, ಶತ್ರುಗಳಾದ ಅಮಾಲೇಕ್ಯರೊಡನೆ ಯುದ್ಧ ನಡೆದಾಗ ಜನನಾಯಕ ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತರೆ ಅವನ ಜನ ಗೆಲ್ಲುತ್ತಿದ್ದರು, ಕೈ ಇಳಿದರೆ ಸೋಲುತ್ತಿದ್ದರು. ಅವನ ತೋಳು ಸೋತಾಗ ಇಬ್ಬರು ಆಚೀಚೆ ನಿಂತು ಹಿಡಿದಿದ್ದರು. ಇಲ್ಲಿ ಅವ್ವನನ್ನು ಹಿಡಿಯುವವರು ಯಾರು? ಸ್ವಲ್ಪ ಹೊತ್ತಿಗೇ ಅವಳಿಗೆ ತಲೆ ಸುತ್ತಿತು. ನರ್ಸ್ ಹೊರಗೆ ಕರೆದೊಯ್ಯುವಾಗ ನನ್ನತ್ತ ತಿರುಗಿ, “ಇನ್ನ ನೀ ಎತ್ತ ಮಗಳ” ಎಂದಳು.

“ಅವ್ವಾ, ನನಗ ನಂಬಿಕಿ ಇಲ್ಲಲ್ಲ.”

“ನಿನ್ನ ನಂಬಿಕಿ ಯಾರ ಕೇಳ್ಯಾರ? ಕೈ ಎತ್ತು, ಅಷ್ಟ.”

ಬೇರೇನೂ ತೋಚದೆ ಎತ್ತಿದೆ. ಮಾನಿಟರಿನ ಅಂಕಿ ಏರಿತು. ಕಾಕತಾಳೀಯ ಎಂದುಕೊಂಡು ಇಳಿಸಿದೆ, ಅಂಕಿಯೂ ಇಳಿಯಿತು. ಎರಡು ಸಲ ಹಾಗೇ ಆಯಿತು. ಮೂರನೆಯ ಸಲ ಪರೀಕ್ಷಿಸುವ ಧೈರ್ಯ ನನಗೆ ಬರಲಿಲ್ಲ. ಎತ್ತಿದ ಕೈ ಎತ್ತಿಕೊಂಡೇ ನಿಂತೆ. ಭುಜ ಉರಿದವು, ಬೆರಳು ಜೋಮು ಹಿಡಿದವು. ಇನ್ನು ಆಗದು, ನನ್ನ ಕೈಯಾರೆ ತಮ್ಮನನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ಅಳು ಬಂತು.

ಆಗ ಯಾರೋ ಹಿಂದಿನಿಂದ ನನ್ನ ಎರಡೂ ಮೊಣಕೈಗಳನ್ನು ಹಿಡಿದರು. ಒರಟಾದ, ಬೆಚ್ಚಗಿನ ಅಂಗೈಗಳು. ತೋಳುಗಳ ಭಾರ ಪೂರ್ತಿ ಇಳಿದುಹೋಯಿತು. ಅವ್ವನೇ ಮರಳಿ ಬಂದಳೆಂದುಕೊಂಡು ಅಳು ನಿಂತ ಮೇಲೆ ತಿರುಗಿ ನೋಡಿದೆ. ಹಿಂದೆ ಬರೀ ಗೋಡೆಯಿತ್ತು. ನರ್ಸ್ ದೂರದ ಮೇಜಿನ ಬಳಿ ಕೂತಿದ್ದಳು. ಗಾಜಿನ ಬಾಗಿಲಾಚೆ ಅವ್ವ ಬೆಂಚಿನ ಮೇಲೆ ಮಲಗಿದ್ದಳು. ಸುನೀಲನ ಬಿಪಿ ಆಮೇಲೆ ಇಳಿಯಲಿಲ್ಲ.

ಇಷ್ಟೇ ಆಗಿದ್ದರೆ ನಾನೂ ಚರ್ಚಿನಲ್ಲಿ ಎಲ್ಲರಂತೆ ಎದ್ದುನಿಂತು ದೇವರ ಕೆಲಸಕ್ಕೆ ಸಾಕ್ಷಿ ಹೇಳುತ್ತಿದ್ದೆನೇನೋ. ಪಕ್ಕದ ಮಂಚದಲ್ಲಿ ಅದೇ ಜ್ವರದ ಒಬ್ಬ ಹುಡುಗಿ ಇದ್ದಳು. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಚಿಂತಾಕಿ ಊರಿನವನಾದ ಅವಳ ಗಂಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ಕಣ್ಣು ಮುಚ್ಚಿ ಪಕ್ಕದಲ್ಲೇ ಕೂತಿರುತ್ತಿದ್ದ. ಬೆಳಗಾಗುವಷ್ಟರಲ್ಲಿ ಆ ಹುಡುಗಿ ತೀರಿಕೊಂಡಳು. ಹೊರಗೆ ಸಿಕ್ಕಾಗ ಅವನು ನನ್ನ ಮುಂದೆ ನಿಂತು ಮೆಲ್ಲಗೆ ಕೇಳಿದ: “ಕಣ್ಣ ತೆರದಾಗ ನಿಮ್ಮನ್ನ ನೋಡೀನ್ರಿ ಅಕ್ಕಾರ. ನಾನೂ ಕೈ ಎತ್ತಬೇಕಾಗಿತ್ತೇನ್ರಿ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಸುನೀಲ ಈಗ ಚೆನ್ನಾಗಿದ್ದಾನೆ. ಮೊಣಕೈ ಹಿಡಿದವರು ಯಾರೆಂದು ನನಗೆ ಗೊತ್ತಿಲ್ಲ. ಆ ಹುಡುಗಿಯ ಮಂಚದ ಬಳಿ ಯಾರೂ ಯಾಕೆ ಬರಲಿಲ್ಲವೆಂಬುದಂತೂ ಇನ್ನೂ ಗೊತ್ತಿಲ್ಲ. ಒಮ್ಮೆ ಅವ್ವನನ್ನೇ ಕೇಳಿದೆ.

“ನನಗೂ ತಿಳಿದಿಲ್ಲ ಮಗಳ” ಎಂದಳು. “ಆದ್ರೂ ದೇವರನ್ನ ಬಿಡ್ಲಾಕ ನನಗ ಆಗಂಗಿಲ್ಲ.”