ಎರಡು ಕೈಯಲ್ಲಿ ಕೊಟ್ಟ ಚೆಂಡು

ಅವನ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಖಜೂರಿಯ ಗಡಿ ನಾಕಾದ ಹತ್ತಿರ ಲಾರಿಯಿಂದ ಇಳಿದವನೇ ಒಂದು ಹಳೆಯ ಟಾಯರಿನ ಮೇಲೆ ಕೂತು, ಬೂಟು ಕಳಚಿ, ನಮ್ಮ ಕರಿ ಮಣ್ಣಿನ ಮೇಲೆ ಆ ಬೋಳು ಬೆರಳನ್ನು ಒತ್ತಿ ಒತ್ತಿ ನೋಡಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ರೈತನ ಗಾಂಭೀರ್ಯವಿತ್ತು ಮುಖದಲ್ಲಿ. ಆಮೇಲೆ ತಲೆಯೆತ್ತಿ, ಸುತ್ತ ನೆರೆದಿದ್ದ ನಮ್ಮನ್ನು ನೋಡಿ ಮನಸಾರೆ ನಕ್ಕ. ನೆಲ ಪಾಸಾಗಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳವು. ನನಗೆ ಇಪ್ಪತ್ತೊಂದು. ಖಜೂರಿಯಲ್ಲಿ ಒಬ್ಬ ಲಾರಿ ಮಾಲೀಕರ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಅವರನ್ನು ನಾವು ಸಾವಕಾರ್ರು ಅನ್ನುತ್ತಿದ್ದೆವು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ, ತಲೆ ತುಂಬ ಫುಟ್‌ಬಾಲು. ಹರೆಯದಲ್ಲಿ ಸೋಲಾಪುರದ ಗಿರಣಿಯೊಂದರಲ್ಲಿ ಎರಡು ವರ್ಷ ಇದ್ದಾಗ ಅಂಟಿಕೊಂಡ ಹುಚ್ಚು ಅದು. ಆಳಂದದಲ್ಲಿ ಜೋಳದ ರಾಶಿ ಮುಗಿದ ಮೇಲೆ ನಡೆಯುವ ಪಂದ್ಯಾವಳಿಯ ಕಪ್ಪು ಒಮ್ಮೆಯಾದರೂ ತಮ್ಮ ಮೇಜಿನ ಮೇಲೆ ಕೂರಬೇಕೆಂಬುದು ಅವರ ಆಸೆ. ತಂಡವೆಂದರೆ ಅವರ ಡ್ರೈವರುಗಳು, ಕ್ಲೀನರುಗಳು, ಇಬ್ಬರು ಮಾಸ್ತರರು, ಗೋಲಿನಲ್ಲಿ ನಾನು. ತೊಗರಿ ಹೇರಿಕೊಂಡು ಪುಣೆಗೆ ಹೋಗಿದ್ದ ಡ್ರೈವರೊಬ್ಬ ಅಲ್ಲಿಯ ಮೈದಾನದಲ್ಲಿ ಇವನ ಆಟ ನೋಡಿ ಬಂದು ಹೇಳಿದ್ದೇ ತಡ, ಮುಂದಿನ ಲಾರಿಯಲ್ಲಿ ಮೊರಾಕ್ಕೋ ದೇಶವೇ ನಮ್ಮೂರಿಗೆ ಬಂದಿಳಿಯಿತು.

ಅವನ ಹೆಸರು ನಮ್ಮ ನಾಲಗೆಗೆ ಒಗ್ಗಲಿಲ್ಲ. ಸೆಂಟರ್ ಫಾರ್ವರ್ಡ್ ಆಡುತ್ತಿದ್ದನಾದ್ದರಿಂದ ಫಾರ್ವರ್ಡ್ ಅಂದೆವು, ಅದೇ ಉಳಿಯಿತು. ನನಗಿಂತ ಆರು ವರ್ಷಕ್ಕೆ ದೊಡ್ಡವನು. ಆದರೂ ‘ಅವರು’ ಎಂದು ಬರೆದರೆ ಯಾರೋ ದೂರದವನಾಗಿಬಿಡುತ್ತಾನೆ, ಅದಕ್ಕೇ ಈ ಏಕವಚನ.

ಅವನ ಊರು ಗಣಿಯ ಊರಂತೆ. ತಂದೆ ಗಣಿ ಕೆಲಸಗಾರರ ತಂಡದ ಗೋಲ್‌ಕೀಪರ್. ಇವನು ಹದಿನೆಂಟಕ್ಕೇ ಆಟವನ್ನು ಹೊಟ್ಟೆಪಾಡು ಮಾಡಿಕೊಂಡು, ಫ್ರಾನ್ಸಿನ ಒಂದು ಸಣ್ಣ ಕ್ಲಬ್ಬಿಗೆ ಎರಡು ವರ್ಷ ಆಡಿ, ಮೊಣಕಾಲು ಕೆಟ್ಟು, ಅವರು ಕೈಬಿಟ್ಟ ಮೇಲೆ ಪುಣೆಯಲ್ಲಿ ಓದುತ್ತಿದ್ದ ದೊಡ್ಡಪ್ಪನ ಮಗನ ಹತ್ತಿರ ಬಂದಿದ್ದ. ಕಾಲು ಸರಿಯಾಗಿತ್ತು, ಕರೆಯುವವರು ಬೇಕಾಗಿದ್ದರು. ಕಲಕತ್ತೆಯ ದೊಡ್ಡ ಕ್ಲಬ್ಬೊಂದಕ್ಕೆ ಬರೆದು ಬರೆದು, ಉತ್ತರಕ್ಕೆಂದು ನಮ್ಮ ಆಫೀಸಿನ ವಿಳಾಸವನ್ನೂ ಕೊಟ್ಟಿದ್ದ. ಇಪ್ಪತ್ತೇಳು ವಯಸ್ಸೆಂದರೆ ಫಾರ್ವರ್ಡ್‌ಗೆ ಹೊತ್ತು ಇಳಿದಂತೆ. ಈ ಸಲ ಕರೆ ಬರದಿದ್ದರೆ ಊರಿಗೆ ಹೋಗಿ ಗಣಿಗೆ ಇಳಿಯುವುದೇ ಸೈ ಎಂದು ನಗುತ್ತಲೇ ಹೇಳುತ್ತಿದ್ದ. ಪುಣೆಯಲ್ಲಿ ಕಲಿತ ಹಿಂದಿಯಲ್ಲಿ ಅವನದೊಂದು ಮಾತಿತ್ತು: “ಅಪನಾ ಕಾಮ್ ಕ್ಯಾ? ದೂಸರೋಂಕೆ ಗಾಂವ್ ಮೇ ಗೋಲ್ ಮಾರ್ನಾ.” ಬೇರೆಯವರ ಊರಲ್ಲಿ ಗೋಲು ಹೊಡೆಯುವುದು, ಅಷ್ಟೇ ನನ್ನ ಉದ್ಯೋಗ.

ಪಂದ್ಯಾವಳಿಯ ಮೂರು ವಾರ ನಮ್ಮ ಮನೆಯಲ್ಲೇ ಇದ್ದ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವ ಮೊದಲ ದಿನ ಅವನಿಗೆ ಬೇರೆ ತಟ್ಟೆ ಇಟ್ಟಳು. ನಾಲ್ಕನೆಯ ದಿನಕ್ಕೆ ಯಾವುದು ಯಾರ ತಟ್ಟೆ ಎಂಬುದು ಅವಳಿಗೇ ಮರೆತಿತ್ತು. ಮರೆಸಿದ್ದು ಕುಸುಬಿ ಎಣ್ಣೆ. ಶೇಂಗಾ ಹಿಂಡಿಯ ಚಟ್ನಿಪುಡಿಗೆಂದು ಅವಳು ಹಾಕಿದ ಹಸಿ ಎಣ್ಣೆಯನ್ನು ತಟ್ಟೆಯ ಅಂಚಿಗೆ ಬಳಿದುಕೊಂಡು, ರೊಟ್ಟಿ ಮುರಿದು ಅದರಲ್ಲಿ ಅದ್ದಿ ತಿಂದು, ಇನ್ನೊಂದು ತುಂಡಿಗೆ ಕೈ ಹಾಕಿದ. ಅವನ ಮನೆಯಲ್ಲೂ ಬೆಳಿಗ್ಗೆ ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದಿಯೇ ತಿನ್ನುವುದಂತೆ. “ಹಂಗಾದ್ರ ಇವ ನಮ್ಮವನ ಬಿಡು,” ಎಂದು ಅವ್ವ ತೀರ್ಪು ಕೊಟ್ಟಳು. ಬಡಿಸಲು ನಿಂತರೆ ಅವಳ ಕೈ ನಿಲ್ಲುತ್ತಿರಲಿಲ್ಲ. ಅವನು ಮೊದಲು ಕಲಿತ ಕನ್ನಡ “ಸಾಕ್ರಿ ಅವ್ವಾ.” ಆ ಮಾತಿಗೆ ನಮ್ಮ ಮನೆಯಲ್ಲಿ ಯಾವ ಬೆಲೆಯೂ ಇರಲಿಲ್ಲ.

ಆಟದ ಬಗ್ಗೆ ನಾನು ಹೆಚ್ಚು ಬರೆಯಲಾರೆ, ಯಾಕೆಂದರೆ ನಾನಿದ್ದದ್ದು ಮೈದಾನದ ಇನ್ನೊಂದು ತುದಿಯಲ್ಲಿ. ಆದರೆ ಗೋಲು ಹೊಡೆದ ಮೇಲೆ ಅವನು ಮಾಡುತ್ತಿದ್ದುದು ಎಷ್ಟು ದೂರದಿಂದಲೂ ಕಾಣುತ್ತಿತ್ತು. ಕುಣಿಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ತಾನೇ ಬಲೆಯೊಳಗೆ ಹೋಗಿ ಚೆಂಡು ಎತ್ತಿ, ಅಂಗಿಯಿಂದ ಮಣ್ಣು ಒರೆಸಿ, ಸೋತ ಕೀಪರನ ಮುಂದೆ ಹೋಗಿ ಎರಡು ಕೈಯಲ್ಲಿ ಕೊಡುತ್ತಿದ್ದ. ಮೊದಲ ಪಂದ್ಯದಲ್ಲಿ ಜೇವರ್ಗಿಯ ಕೀಪರ್ ಇದನ್ನು ಹಂಗಿಸುವುದೆಂದು ತಿಳಿದು, “ಏನಲೇ, ಮದುವ್ಯಾಗಿನ ಆಹೇರಿ ಮಾಡಾಕತ್ತೀಯೇನು?” ಎಂದು ಕಾಲರ್ ಹಿಡಿದ. ಫಾರ್ವರ್ಡ್ ಬಿಡಿಸಿಕೊಳ್ಳಲಿಲ್ಲ. ಚೆಂಡನ್ನು ಹಾಗೇ ಚಾಚಿಕೊಂಡು ನಿಂತ. ಕೊನೆಗೆ ಆತನೇ ನಾಚಿ ಇಸಕೊಂಡ. ಸೆಮಿಫೈನಲ್ಲಿನಲ್ಲಿ ಅಫಜಲಪುರದ ಕೀಪರ್ ಮಾತ್ರ, ಸುದ್ದಿ ಮೊದಲೇ ಮುಟ್ಟಿತ್ತೇನೋ, ತಾನೂ ಎರಡು ಕೈ ಚಾಚಿ ತೆಗೆದುಕೊಂಡ. ಜನ ಇಬ್ಬರಿಗೂ ಚಪ್ಪಾಳೆ ಹೊಡೆದರು.

ಯಾಕೆ ಹೀಗೆ ಎಂದು ಕೇಳಿದ್ದೆ. ಗೋಲು ಹೊಡೆದವನ ಬೆನ್ನಿಗೆ ಊರೇ ಇರುತ್ತದೆ, ಬಿಟ್ಟವನ ಹತ್ತಿರ ಯಾರು ಹೋಗುತ್ತಾರೆ, ಎಂದ. ಸೋತ ದಿನ ಅವನ ತಂದೆ ಮನೆಗೆ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರಂತೆ.

ಫೈನಲ್ ಭಾನುವಾರ ಸಂಜೆ ನಾಲ್ಕಕ್ಕೆ, ಸೋಲಾಪುರದ ತಂಡದ ಮೇಲೆ. ಶನಿವಾರ ಮಧ್ಯಾಹ್ನ ಆಫೀಸಿಗೆ ಅವನ ಹೆಸರಿನ ತಂತಿ ಬಂತು. ಅವನು ಊರ ಹೊರಗೆ ಓಡಲು ಹೋಗಿದ್ದ. ಸಾವಕಾರ್ರು ಒಡೆದು ನನ್ನ ಕೈಗೆ ಕೊಟ್ಟು ಓದಿಸಿದರು. ಕಲಕತ್ತೆಯ ಕ್ಲಬ್ಬಿನದು. ಬುಧವಾರ ಬೆಳಿಗ್ಗೆ ಮೈದಾನದಲ್ಲಿದ್ದರೆ ಆಟ ನೋಡುತ್ತೇವೆ, ತಡವಾದರೆ ಬರುವುದು ಬೇಡ, ಎಂದಿತ್ತು. ಲೆಕ್ಕ ಹಾಕಿದೆವು. ಭಾನುವಾರ ಸೋಲಾಪುರದಿಂದ ರಾತ್ರಿ ಎಂಟರ ರೈಲುಗಾಡಿ ಹಿಡಿದರೆ ಮಾತ್ರ ಮುಟ್ಟುತ್ತಾನೆ.

“ಆಟ ಮುಗದಿಂದ ಕೊಡು,” ಅಂದರು ಸಾವಕಾರ್ರು. “ನಾನೇ ಲಾರ್ಯಾಗ ಕೂಡ್ಸಿ ಕಳಸ್ತೇನಿ. ಅಲ್ಲೀತನಕ ನಿನ್ನ ಕಿಸೇದಾಗ ಇರ್ಲಿ.”

ಆಟ ಮುಗಿಯಲು ಆರು ಹತ್ತಿರವಾಗುತ್ತದೆ, ಆ ರಸ್ತೆಯಲ್ಲಿ ಲಾರಿ ಎರಡು ತಾಸಿಗೆ ಸೋಲಾಪುರ ಮುಟ್ಟುವುದು ಕನಸಿನ ಮಾತು. ಲಾರಿ ಆಫೀಸಿನ ಗುಮಾಸ್ತನಾದ ನನಗೆ ಅದು ಚೆನ್ನಾಗಿ ಗೊತ್ತಿತ್ತು. ಕೆಟ್ಟ ಮನುಷ್ಯರಲ್ಲ ಅವರು. ಕಪ್ಪಿನ ಆಸೆ ಅವರಿಂದ ಆ ಲೆಕ್ಕ ತಪ್ಪು ಮಾಡಿಸಿತ್ತು. ನಾನು “ಹೌದ್ರಿ” ಅಂದೆ. ಆ ದಿನ ಅವನ ಜೊತೆ ಕೂತು ಉಂಡೆ. ಅವನು ಎಣ್ಣೆಯಲ್ಲಿ ರೊಟ್ಟಿ ಅದ್ದುತ್ತ, ಕಲಕತ್ತೆಯಿಂದ ಏನಾದರೂ ಬಂತೇ ಎಂದು ದಿನದಂತೆ ಕೇಳಿದ. ಇಲ್ಲ ಅಂದೆ.

ಭಾನುವಾರ ಬೆಳಿಗ್ಗೆ ನೆಲ ನೋಡಲೆಂದು ಅವನು ಸಾವಕಾರ್ರ ಜೊತೆ ಬೇಗನೆ ಆಳಂದಕ್ಕೆ ಹೋದ. ನಾನು ಆಮೇಲಿನ ಬಸ್ಸಿಗೆ ಹೊರಡುವವನಿದ್ದೆ. ಅಷ್ಟರಲ್ಲಿ ಅವ್ವ ಒಗೆಯಲೆಂದು ನನ್ನ ಅಂಗಿ ತೆಗೆದುಕೊಂಡಾಗ ಕಿಸೆಯಿಂದ ತಂತಿ ಬಿತ್ತು. ಅವಳಿಗೆ ಓದು ಬಾರದು. ಆದರೆ ನಮ್ಮ ಕಡೆ ತಾರು ಬಂತೆಂದರೆ ಒಂದೇ ಅರ್ಥ. ಅಲ್ಲೇ ಕುಸಿದು ಕೂತಳು.

“ಯಾರು ಹೋದ್ರೋ ತಮ್ಮಾ? ಅವನ ಅವ್ವ ಹೋದಳೇನು? ಆಟ ಕೆಡ್ತದಂತ ಮುಚ್ಚಿಟ್ಟೀಯೇನು?”

“ಇಲ್ಲಬೇ ಯವ್ವಾ. ಒಳ್ಳೇ ಸುದ್ದಿ ಅದ. ಕಲಕತ್ತಾದಾಗ ಆಡಾಕ ಕರದಾರ ಅವನ್ನ.”

“ಮತ್ತ ಯಾಕ ಕೊಟ್ಟಿಲ್ಲ?”

ಅವಳು ಎದ್ದು, ತಂತಿಯನ್ನು ನನ್ನ ಕೈಗೆ ತುರುಕಿದಳು. “ಸತ್ತ ಸುದ್ದಿ ಇದ್ರ ಮಂದಿ ಒಂದು ಗಳಿಗಿ ತಡದು ಹೇಳ್ತಾರ. ಉಣ್ಣಾಕ ಕುಂತಿದ್ರ ಉಂಡಿಂದ ಹೇಳ್ತಾರ. ಒಳ್ಳೇ ಸುದ್ದಿ ತಡದವ್ರನ್ನ ನಾ ಇವತ್ತೇ ಕಂಡೆ.”

ಸೀದಾ ಹೋಗಿ ಕೊಟ್ಟೆ ಎಂದು ಬರೆದರೆ ಚೆಂದ ಕಾಣುತ್ತಿತ್ತು. ಕೊಡಲಿಲ್ಲ. ಮೈದಾನದಲ್ಲಿ ಸಾವಕಾರ್ರು ಅವನ ಪಕ್ಕ ಬಿಟ್ಟು ಕದಲಲಿಲ್ಲ, ನನಗೂ ಎದೆಗಾರಿಕೆ ಇರಲಿಲ್ಲ. ತಂತಿಯನ್ನು ಬನಿಯನ್ನಿನೊಳಗೆ ಇಟ್ಟುಕೊಂಡೇ ಗೋಲಿನಲ್ಲಿ ನಿಂತೆ. ಹಾರಿದಾಗೊಮ್ಮೆ, ಬಿದ್ದಾಗೊಮ್ಮೆ ಅದು ಹೊಟ್ಟೆಗೆ ಚುಚ್ಚುತ್ತಿತ್ತು. ಮೊದಲಾರ್ಧ ಮುಗಿಯುವ ಮುಂಚೆ ಫಾರ್ವರ್ಡ್ ಗೋಲು ಹೊಡೆದ. ಬಲೆಯಿಂದ ಚೆಂಡು ತಂದು ಸೋಲಾಪುರದ ಕೀಪರಿಗೆ ಕೊಟ್ಟ. ಅದನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಹಾಫ್ ಟೈಮ್ ಸೀಟಿ ಊದಿದ್ದೇ ನನ್ನ ತುದಿಯಿಂದ ಅವನ ತುದಿಗೆ ಓಡಿ, ಬೆವರಿಗೆ ಮೆತ್ತಗಾದ ಆ ಕಾಗದವನ್ನು ಅವನ ಕೈಗಿಟ್ಟೆ.

ಎರಡು ಸಲ ಓದಿದ. “ಕಬ್ ಆಯಾ?” ಯಾವಾಗ ಬಂತೆಂದು ಕೇಳಿದ. ನನ್ನ ಮುಖ ನೋಡಿದ, ಹೊತ್ತು ನೋಡಿದ, ಅವನಿಗೆ ಎಲ್ಲ ತಿಳಿಯಿತು. ಅಷ್ಟರಲ್ಲಿ ಸಾವಕಾರ್ರು ಓಡಿ ಬಂದರು.

“ಯಾರಲೇ ಅದನ್ನ ಕೊಟ್ಟಾವ?” ಎಂದು ನನ್ನ ಕಡೆ ಕೈ ಎತ್ತಿದರು. ಹಿಂದೆ ಇಡೀ ತಂಡ ನಿಂತಿತ್ತು.

ಫಾರ್ವರ್ಡ್ ನನ್ನ ಮುಂದೆ ಬಂದು ನಿಂತ. “ಮೈನೇ ಕಲ್ ಹೀ ದೇಖಾ ಥಾ, ಸಾವಕಾರ್‌ಜೀ.” ನಿನ್ನೆಯೇ ಇದನ್ನು ನಿಮ್ಮ ಮೇಜಿನ ಮೇಲೆ ನೋಡಿದ್ದೆ. ನಿಮ್ಮ ಸಲುವಾಗಿ ಅರ್ಧ ಆಟ ಆಡಿ ಹೋಗೋಣ ಅಂದುಕೊಂಡಿದ್ದೆ. ಹಾಫ್ ಟೈಮಿಗೆ ತಂದುಕೊಡು ಎಂದು ನಾನೇ ಇವನಿಗೆ ಹೇಳಿದ್ದು, ಎಂದ.

ಅದು ಹಸಿ ಸುಳ್ಳು. ಸಾವಕಾರ್ರ ಎತ್ತಿದ ಕೈ ಹಾಗೇ ಕೆಳಗಿಳಿಯಿತು. ತಮ್ಮ ಕಪಟ ಗೊತ್ತಿದ್ದೂ ಒಬ್ಬ ಪರದೇಶಿ ತಮಗಾಗಿ ಆಡಿದನೆಂದು ತಿಳಿದು ಅವರ ಮುಖ ಸಣ್ಣದಾಯಿತು. ನಮ್ಮ ರೈಟ್ ಬ್ಯಾಕ್ ಆಗಿದ್ದ ಡ್ರೈವರನ ಕಡೆ ತಿರುಗಿ, “ಏ, ಗಾಡಿ ತಗೀಲೇ! ಎಂಟರ ಗಾಡಿ ತಪ್ಪಿದ್ರ ನನಗ ಮಾರಿ ತೋರಿಸಬ್ಯಾಡ!” ಎಂದು ಗರ್ಜಿಸಿದರು. ಹೀಗೆ ಒಂದೇ ಏಟಿಗೆ ನಮ್ಮ ತಂಡದ ಇಬ್ಬರು ಹೋದರು.

ಲಾರಿ ಹತ್ತುವ ಮುಂಚೆ ಅವನು ಮೈದಾನದ ನಡುವೆ ಬಿದ್ದಿದ್ದ ಚೆಂಡು ಎತ್ತಿದ. ಅಂಗಿಯಿಂದ ಮಣ್ಣು ಒರೆಸಿದ. ನನ್ನ ಮುಂದೆ ಬಂದು ಎರಡು ಕೈಯಲ್ಲಿ ಚಾಚಿದ. ಜನರು, ನಮ್ಮ ಕೀಪರಿಗೆ ಹುರುಪು ತುಂಬುತ್ತಿದ್ದಾನೆಂದು ಚಪ್ಪಾಳೆ ಹೊಡೆದರು. ಅವನು ಯಾರಿಗೆ ಹಾಗೆ ಕೊಡುತ್ತಾನೆಂಬುದು ನನಗೆ ಗೊತ್ತಿತ್ತು. ನಾನೂ ಎರಡು ಕೈಯಲ್ಲಿ ತೆಗೆದುಕೊಂಡೆ.

ಎರಡನೆಯ ಅರ್ಧದಲ್ಲಿ ಮೂರು ಗೋಲು ಬಿಟ್ಟೆ. ಕಪ್ಪು ಸೋಲಾಪುರಕ್ಕೆ ಹೋಯಿತು. ಅವರ ಫಾರ್ವರ್ಡ್ ಪ್ರತಿ ಗೋಲಿಗೂ ಮನದಣಿಯೆ ಕುಣಿದ. ನಮ್ಮವನು ಮಾತ್ರ, ಬೆವರಿನ ಬಟ್ಟೆಯಲ್ಲೇ, ಹೊರಡುತ್ತಿದ್ದ ಗಾಡಿಯನ್ನು ಓಡಿ ಹತ್ತಿದನೆಂದು ಮರುದಿನ ಡ್ರೈವರ್ ಬಂದು ಹೇಳಿದ. ಊರಲ್ಲಿ ಎರಡು ತಿಂಗಳು ನಾನು ತಲೆಯೆತ್ತಲಿಲ್ಲ, ಆದರೆ ಆಫೀಸಿನ ಕೆಲಸ ಹೋಗಲಿಲ್ಲ. ಅವನ ಆ ಸುಳ್ಳು ನನ್ನನ್ನು ಕಾಯುತ್ತಿತ್ತು.

ಕಲಕತ್ತೆಯವರು ಅವನನ್ನು ಇಟ್ಟುಕೊಂಡರು. ಅಲ್ಲಿ ನಾಲ್ಕು ವರ್ಷ ಆಡಿದ, ಆಮೇಲೆ ಕೊಲ್ಲಿ ದೇಶದ ಒಂದು ಕ್ಲಬ್ಬಿಗೆ ಹೋದ, ಕಡೆಗೆ ತನ್ನೂರಲ್ಲಿ ಮಕ್ಕಳಿಗೆ ಆಟ ಕಲಿಸುತ್ತ ನಿಂತ. ವರ್ಷಕ್ಕೊಂದು ಕಾರ್ಡು ಬರುತ್ತಿತ್ತು, ಮುರುಕು ಇಂಗ್ಲಿಷಿನಲ್ಲಿ ಮೂರು ಸಾಲು. ಕೊನೆಯದು ಯಾವಾಗಲೂ ಅವ್ವನ ಎಣ್ಣೆಯ ಬಗ್ಗೆ. ಮೊದಲ ವರ್ಷ ಕಳಿಸಿದ ಪೇಪರಿನ ಫೋಟೋವನ್ನು ಸಾವಕಾರ್ರು ಕಟ್ಟು ಹಾಕಿಸಿ, ಆಫೀಸಿನಲ್ಲಿ ಬಸವಣ್ಣನವರ ಪಟದ ಪಕ್ಕ ತೂಗುಹಾಕಿದರು. ಬಂದವರಿಗೆಲ್ಲ, “ನಮ್ಮ ಸಲುವಾಗಿ ಅರ್ಧಾ ಆಟ ಆಡಿ ಹೋದಾವ್ರಿ ಇವ,” ಎನ್ನುತ್ತಿದ್ದರು. ಕೊನೆಯವರೆಗೂ ಹಾಗೇ ನಂಬಿದ್ದರು. ಅವರಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲಿಯೇ ಮೊದಲ ಸಲ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಮಧ್ಯಾಹ್ನ ಅದೇ ಆಫೀಸಿಗೆ ಮೊರಾಕ್ಕೋದ ಲಕೋಟೆ ಬಂತು. ಅಕ್ಷರ ಅವನದಲ್ಲ, ಅವನ ತಮ್ಮನದು. ಓದಿ, ಮಡಚಿ, ಕಿಸೆಯಲ್ಲಿಟ್ಟುಕೊಂಡು ಮನೆಗೆ ನಡೆದೆ. ಅವ್ವ ಉಣ್ಣಲು ಕೂತಿದ್ದಳು. ಹಲ್ಲು ಹೋಗಿದ್ದವು. ರೊಟ್ಟಿಯನ್ನು ಕುಸುಬಿ ಎಣ್ಣೆಯಲ್ಲಿ ನೆನೆಸಿಟ್ಟುಕೊಂಡು ತಿನ್ನುತ್ತಿದ್ದಳು. ಲಕೋಟೆಯ ಅಂಚು ಅವಳ ಕಣ್ಣಿಗೆ ಬಿತ್ತು.

“ಫಾರ್ವರ್ಡಂದೇನೋ? ಏನು ಬರದಾನ?”

“ನೀ ಮೊದಲ ಉಣ್ಣು ಯವ್ವಾ. ಆಮ್ಯಾಗ ಹೇಳ್ತೇನಿ.”

ಎರಡು ತುತ್ತು ತಿಂದಳು. ಮೂರನೆಯದು ಎಣ್ಣೆಯಲ್ಲೇ ಉಳಿಯಿತು. ನನ್ನನ್ನು ನೋಡಿದಳು.

“ಒಳ್ಳೇದಿದ್ರ ಇಷ್ಟೊತ್ತಿಗೆ ಹೇಳಿರ್ತಿದ್ದಿ,” ಎಂದು ತಟ್ಟೆ ಸರಿಸಿದಳು.